ಗಾಂಧಿಬಜಾರಿನಲ್ಲೊಂದು ಕಿರುಚಿತ್ರ

"ನೋಡ್ತಿರು ಸುಷ್ಮಾ, ಒಂದು ಕಿರುಚಿತ್ರ ಮಾಡಿ ಶಿವಮೊಗ್ಗದ ಬೀದಿ ಬದುಕನ್ನ ಜಗತ್ತಿಗೇ ತೋರಿಸ್ತೀನಿ!"

ರವೀಂದ್ರನಗರದ ಮನೆಯಲ್ಲಿ ಉಮಾಮಹೇಶ್ವರ ಹೀಗೆ ಘೋಷಿಸಿದಾಗ ಕೈಯಲ್ಲಿದ್ದದ್ದು ಹೊಸ ಮೊಬೈಲು, ಹೆಗಲ ಮೇಲೆ ಒದ್ದೆ ಟವೆಲ್ಲು. ಟೈಲ್ಸ್ ಅಂಗಡಿಯ ಈ ಮ್ಯಾನೇಜರನೊಳಗೆ ಒಬ್ಬ ಮಹಾನ್ ನಿರ್ದೇಶಕ ಇಷ್ಟು ವರ್ಷ ಗೊರಕೆ ಹೊಡೆಯುತ್ತಿದ್ದನಂತೆ!

"ಕಿರುಚಿತ್ರಾನಾ? ಬಜಾರಿನೋರು ಕಿರುಚಿ ಓಡಿಸದಿದ್ರೆ ಸಾಕು ಮಾರಾಯ್ರೇ," ಎಂದಳು ಹೆಂಡತಿ.

ಸೋಮವಾರ ರಜೆ ಹಾಕಿ ಗಾಂಧಿಬಜಾರಿಗೆ ದಂಡಯಾತ್ರೆ ಹೊರಟ. ಹೂ ಕಟ್ಟುವ ಬೆರಳು, ಸೌತೆಕಾಯಿ ಚೌಕಾಸಿ, ಕೊತ್ತಂಬರಿಗೆ ಬಾಯಿ ಹಾಕಿ ಬೈಸಿಕೊಂಡ ಹಸು, ಕಂಡದ್ದನ್ನೆಲ್ಲ ಹಿಡಿದ. ದೂರದಿಂದ ಪಾನಿಪೂರಿ ಗಾಡಿಯನ್ನೂ ಅದಕ್ಕೆ ಮುತ್ತಿದ್ದ ಜನರನ್ನೂ ಹಿಡಿದ. ಆ ದೃಶ್ಯವನ್ನು ನಿಧಾನಗತಿಗೆ ತಿರುಗಿಸಿ, ತನ್ನದೇ ಗಡಸು ದನಿಯಲ್ಲಿ "ಇದೋ ನೋಡಿ, ಹಸಿದ ಊರಿನ ತೆರೆದ ಬಾಯಿ!" ಎಂದು ಸೇರಿಸಿದ.

ಭಾನುವಾರ ಭದ್ರಾವತಿಯ ಕಾಗದನಗರದ ಅತ್ತೆಮನೆಯಲ್ಲಿ ನಾದಿನಿಯ ಮಗುವಿನ ನಾಮಕರಣ. ಊಟವಾದ ಮೇಲೆ ಮೊಬೈಲನ್ನು ಟಿ.ವಿ.ಗೆ ಜೋಡಿಸಿದ. "ನಮ್ಮ ಅಳಿಯಂದ್ರ ಸಿನಿಮಾ, ಬನ್ರೇ!" ಎಂದು ನೆಂಟರನ್ನೆಲ್ಲ ಕರೆದು ಕೂರಿಸಿದ್ದು ಅತ್ತೆ ಜಲಜಮ್ಮನೇ.

ಜಲಜಮ್ಮ ಸಾಮಾನ್ಯರಲ್ಲ! ಪ್ರತಿ ಸೋಮವಾರ ಕಟ್ಟುನಿಟ್ಟಿನ ಉಪವಾಸ. ಬಸ್ಸು ಹತ್ತಿ ಶಿವಮೊಗ್ಗದ ದೇವಸ್ಥಾನಕ್ಕೆ ಬರುವರು. ಮಗಳ ಮನೆಗೆ ಬಂದರೂ ತೊಟ್ಟು ಕಾಫಿ ಮುಟ್ಟದೆ ಹಿಂತಿರುಗುವರು. ಹೊರಗಿನ ತಿಂಡಿಯೆಂದರೆ ಮೂಗು ಮುರಿಯುವರು.

"ಹಸಿದ ಊರಿನ ತೆರೆದ ಬಾಯಿ!" ಎಂದು ಟಿ.ವಿ. ಮೊಳಗಿತು.

ತೆರೆಯ ಮೇಲೆ ತೆರೆದ ಆ ಬಾಯಿ ಜಲಜಮ್ಮನದು! ಮೊಬೈಲಿನಲ್ಲಿ ಸಾಸಿವೆಯಷ್ಟಿದ್ದ ಮುಖ ಟಿ.ವಿ.ಯಲ್ಲಿ ಕುಂಬಳಕಾಯಿಯಷ್ಟಾಗಿತ್ತು. ಪೂರಿ ನಿಧಾನವಾಗಿ, ಬಲು ನಿಧಾನವಾಗಿ ಒಳಗೆ ಹೋಗುತ್ತಿತ್ತು. ಗಾಬರಿಯಿಂದ ಉಮಾಮಹೇಶ್ವರ ಏನೋ ಒತ್ತಿದ. ಚಿತ್ರ ಅಲ್ಲೇ ನಿಂತಿತು!

"ಅಕ್ಕಾ, ಇದ್ಯಾವ ವ್ರತದ ಪ್ರಸಾದ?" ಎಂದರು ಓರಗಿತ್ತಿ ಶಾಂತಮ್ಮ.

"ನಾನೊಂದು ಬೋಂಡಾ ಕೇಳಿದ್ರೆ 'ಈ ವಯಸ್ಸಲ್ಲಿ ಚಪಲ' ಅಂತಿದ್ಯಲ್ಲೇ!" ಎಂದು ಮಾವ ಪುಟ್ಟಯ್ಯ ತೊಡೆ ತಟ್ಟಿದರು.

ಸೂರು ಹಾರಿಹೋಗುವಂಥ ನಗು. ಉಮಾಮಹೇಶ್ವರನೂ ನಕ್ಕುಬಿಟ್ಟ. ಜಲಜಮ್ಮ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕತೊಡಗಿದರು. ಆ ಸದ್ದು ಕೇಳಿದ ಮೇಲೆ, ತಾನು ನಕ್ಕದ್ದು ಅವನಿಗೆ ಮುಳ್ಳಿನಂತೆ ಚುಚ್ಚಿತು.

ಮರು ಸೋಮವಾರ ಅತ್ತೆ ಶಿವಮೊಗ್ಗಕ್ಕೆ ಬರಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ.

"ಜಗತ್ತಿಗೆ ತೋರಿಸ್ತೀನಿ ಅಂದ್ರಲ್ಲ. ತೋರಿಸಿದ್ದು ನಮ್ಮಮ್ಮನ್ನ!" ಎಂದು ಸುಷ್ಮಾ ಮುಖ ತಿರುಗಿಸಿದಳು.

ಅವನು ಚಿತ್ರವನ್ನೇ ಅಳಿಸಿಹಾಕಿದ. ಅದೇ ಗಾಡಿಯಿಂದ ಪಾನಿಪೂರಿ ಕಟ್ಟಿಸಿಕೊಂಡು ಕಾಗದನಗರಕ್ಕೆ ಹೋದ.

"ತಪ್ಪಾಯ್ತು ಅತ್ತೆ. ತಗೊಳ್ಳಿ, ಅದೇ ಗಾಡೀದು."

ಜಲಜಮ್ಮ ಒಂದು ಪೂರಿಯನ್ನು ಒತ್ತಿ ನೋಡಿದರು. ಅದು ಒಡೆಯಲಿಲ್ಲ, ಮಡಚಿಕೊಂಡಿತು.

"ಮೆತ್ತಗಾಗಿದೆ ಅಳಿಯಂದ್ರೇ. ನಾನಲ್ಲಿಗೆ ಬರ್ತಿದ್ದದ್ದು ಬರೀ ಪೂರಿಗಲ್ಲ. ಮದುವೆಯಾಗಿ ಬಂದಾಗಿಂದ ಈ ಮನೇಲಿ ಎಲ್ರಿಗೂ ನಾನೇ ಬಡಿಸಿದ್ದು. ಮುಖ ನೋಡಿ 'ಇನ್ನೊಂದು ಹಾಕ್ಲಾ ಅಮ್ಮಾ' ಅಂತ ಕೇಳ್ತಿದ್ದೋನು ಆ ಗಾಡಿಯೋನು ಒಬ್ನೇ."

ಈ ಮನೆಯಲ್ಲಿ ತಾನು ಉಂಡ ಹೋಳಿಗೆ, ಕಡುಬುಗಳೆಲ್ಲ ಉಮಾಮಹೇಶ್ವರನ ಕಣ್ಣ ಮುಂದೆ ಸಾಲಾಗಿ ಬಂದವು. 'ನೀವು ಉಂಡ್ರಾ ಅತ್ತೆ' ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

"ಬರೋ ಸೋಮವಾರ ನಾನೇ ಕರ್ಕೊಂಡು ಹೋಗ್ತೀನಿ ಅತ್ತೆ. ನಿಂತ್ಕೊಂಡು ಬಿಸಿಬಿಸಿ ತಿನ್ನೋಣ."

"ಬ್ಯಾಡಪ್ಪಾ ಮಾರಾಯ!" ಜಲಜಮ್ಮ ಎರಡೂ ಕೈ ಜೋಡಿಸಿದರು. "ಇನ್ಮೇಲೆ ತರೀಕೆರೆ ಬಸ್ ಹತ್ತೀನಿ. ಅಲ್ಲೂ ದೇವರಿದ್ದಾನೆ, ಗಾಡೀನೂ ಇದೆಯಂತೆ. ದಮ್ಮಯ್ಯ ಅಂತೀನಿ, ಅಲ್ಲಿನ ಬೀದಿ ಬದುಕಿನ ತಂಟೆಗೆ ಮಾತ್ರ ಬರ್ಬೇಡಿ!"