ಮಾವನ ಏರ್ ಬ್ಲಾಸ್ಟು

ನಮ್ಮ ಸೋದರಮಾವನ ಬಲಗೈ ನಡುಗುವುದಿಲ್ಲ. ನಡುಗುವುದು ಭೂಮಿ! ಇದು ನನ್ನ ಮಾತಲ್ಲ, ಅವರದೇ.

ಮಾವ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೂ ಅಲ್ಲಿಯ ಕಾರ್ಮಿಕರ ಲೈನ್‌ಮನೆ ಬಿಡಲಿಲ್ಲ. ಹಿಂದೆ ಆಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರಿ ಪಾತ್ರೆಗಳು ಉರುಳುತ್ತಿದ್ದವು. ಜನ ‘ಏರ್ ಬ್ಲಾಸ್ಟು’ ಎಂದು ಹೇಳಿ ಕಾಫಿ ಮುಂದುವರಿಸುತ್ತಿದ್ದರು. ಈಗ ಏರ್ ಬ್ಲಾಸ್ಟ್ ಆಗುವುದು ಮಾವನ ಕಾಫಿ ಲೋಟದಲ್ಲಿ ಮಾತ್ರ. ಒಮ್ಮೆ ಪರೀಕ್ಷೆಗೆಂದು ಅವರ ಪಕ್ಕದಲ್ಲಿ ಒಂದು ಲೋಟ ನೀರಿಟ್ಟೆ. ನೀರು ಮಿಸುಕಲಿಲ್ಲ. ಕೈ ನಡುಗುತ್ತಲೇ ಇತ್ತು.

“ನೋಡಿ ಮಾವ.”

“ನೀರಿಗೆ ಹೆಂಗ್ಲಾ ಗೊತ್ತಾಗ್ತದೆ? ಅದೇನು ಗಣೀಲಿ ಕೆಲ್ಸ ಮಾಡಿತ್ತಾ?”

ಹೇಗೋ ಪುಸಲಾಯಿಸಿ ಬಂಗಾರಪೇಟೆಯ ಡಾಕ್ಟರ ಬಳಿ ಕರೆದೊಯ್ದೆ. ಅವರು ಕೈ ಹಿಡಿದು, ನಡೆಸಿ ನೋಡಿ, ಪಾರ್ಕಿನ್ಸನ್ ಎಂದರು. ಮಾವ ಒಂದೊಂದೇ ಬೆರಳು ಮಡಿಸಿ ಲೆಕ್ಕ ಹಾಕಿದರು.

“ಗಣಿಯ ಬಿಳೀ ದೊರೆಗಳ ಹೆಸರೆಲ್ಲ ನಮ್ಮಪ್ಪ ಹೇಳೋನು ಸಾರ್. ಪಾರ್ಕಿನ್ಸನ್ ಅನ್ನೋ ದೊರೆ ನಮ್ಮ ಶಾಫ್ಟಲ್ಲಿ ಇರ್ಲೇ ಇಲ್ಲ!”

ಇಲ್ಲದ ದೊರೆಯ ಕಾಯಿಲೆ ತನಗೆ ಹೇಗೆ ಬಂದೀತು? ಆದರೂ ಡಾಕ್ಟರು ಮಾತ್ರೆ ಕೊಟ್ಟರು, ಮಾವ ತಂದರು. ಅಷ್ಟರಲ್ಲಿ ಮಾವನ ಫೋನಿಗೆ ಒಂದು ವೀಡಿಯೊ ಬಂತು. ಜಿನ್ಸೆಂಗ್ ಎಂಬ ಬೇರಿನಲ್ಲಿ ಮಿದುಳನ್ನು ಕಾಯುವ ಸತ್ವವಿದೆಯಂತೆ, ನಡುಕ ಮಾಯವಂತೆ! ಅದೆಂಥ ಬೇರು? ಪಕ್ಕದ ಮನೆಯ ಗೆಳೆಯರು ವೀಡಿಯೊದ ಚಿತ್ರ ನೋಡಿ ತಮಿಳಿನಲ್ಲಿ ತೀರ್ಪಿತ್ತರು: “ಜಿಂಜೆಂಗಾ? ಇಂಜಿ ತಾನ್ ಪಾ ಅದು!” ಇಂಜಿ ಎಂದರೆ ಹಸಿಶುಂಠಿ.

ಅಲ್ಲಿಗೆ ಆ ಮನೆ ಶುಂಠಿಮಯ. ಕಾಫಿಗೆ ಶುಂಠಿ, ಮುದ್ದೆಯ ಸಾರಿಗೆ ಶುಂಠಿ, ಮಜ್ಜಿಗೆಗೂ ಶುಂಠಿ. ನಾನು ಉಂಡು ಎದೆ ನೀವಿಕೊಂಡರೆ, “ಉರೀತದಾ? ಹಂಗಾದ್ರೆ ಕೆಲ್ಸ ಮಾಡ್ತಾ ಅದೆ!” ಎನ್ನುತ್ತಿದ್ದರು. ಅತ್ತೆ ಬಡಿಸುತ್ತಿದ್ದರು. ಅವರ ಬೈತಲೆಯನ್ನು ನಾನು ಗಮನಿಸಿದ್ದು ಆಗಲೇ. ಹಣೆಯಿಂದ ಹೊರಟು, ಎಡಕ್ಕೆ ಹೊರಳಿ, ಮತ್ತೆ ಬಲಕ್ಕೆ ತಿರುಗಿ, ಥೇಟ್ ಬೂದಿಕೋಟೆ ಬಸ್ಸು ಹಳ್ಳಿ ಹಳ್ಳಿ ಸುತ್ತಿಕೊಂಡು ಹೋದ ಹಾಗೆ! ಶುಂಠಿಯ ಕಾಟದಲ್ಲಿ ಕನ್ನಡಿ ನೋಡಲೂ ಪುರುಸೊತ್ತಿಲ್ಲ ಪಾಪ ಎಂದು ಒಳಗೇ ನಕ್ಕೆ.

“ಮಾತ್ರೆ ಎಲ್ಲಿ ಮಾವ?”

ಮಂಚದ ಕಾಲು ತೋರಿಸಿದರು. ಮಾತ್ರೆಯ ಪಟ್ಟಿಗಳು ಮಡಿಸಿಕೊಂಡು ಅದರಡಿ ಮಲಗಿದ್ದವು. “ಮಂಚ ಅಲ್ಲಾಡ್ತಿತ್ತು. ಈಗ ನೋಡು, ನಡುಕ ನಿಂತದೆ. ಒಳ್ಳೆ ಮಾತ್ರೆ ಕಣ್ಲಾ!”

ನಾನು ನಕ್ಕುಬಿಟ್ಟೆ. ಆ ನಗು ಇನ್ನೂ ಬಾಯಲ್ಲಿತ್ತು. ಮಾವ ಎದ್ದು ಬಾಗಿಲ ಕಡೆ ಹೊರಟರು. ಹೊಸ್ತಿಲ ಬಳಿ ಪಾದಗಳು ನೆಲಕ್ಕೆ ಮೊಳೆ ಹೊಡೆದಂತೆ ನಿಂತವು. ಮೈ ಮಾತ್ರ ಮುಂದೆ ಹೋಯಿತು. ಬೀಳುವಾಗ ಅವರು ಕೂಗಲಿಲ್ಲ, ಕೈ ಚಾಚಲೂ ಇಲ್ಲ. ಬಿದ್ದ ಸದ್ದಿಗೆ ಅತ್ತೆ ಒಳಗಿನಿಂದ ಓಡಿ ಬಂದರು. ಇದನ್ನು ನಾನು ಎದುರಿಗೇ ನಿಂತು ನೋಡಿದೆ.

ಹುಬ್ಬಿಗೆ ಹೊಲಿಗೆ ಹಾಕಿಸಿ ಮತ್ತೆ ಅದೇ ಡಾಕ್ಟರ ಬಳಿ ಹೋದೆವು. ಶುಂಠಿ ಬೇರೆ, ಜಿನ್ಸೆಂಗ್ ಬೇರೆ ಎಂದು ಅವರು ತಾಳ್ಮೆಯಿಂದಲೇ ಹೇಳಿದರು. “ಜಿನ್ಸೆಂಗ್ ಸತ್ವವನ್ನ ಇಲಿಗಳಿಗೆ ಕೊಟ್ಟು ನೋಡ್ತಿದ್ದಾರೆ ಯಜಮಾನ್ರೆ. ಮನುಷ್ಯರಿಗೆ ಕೆಲಸ ಮಾಡುತ್ತೆ ಅಂತ ಇನ್ನೂ ಖಾತ್ರಿ ಆಗಿಲ್ಲ. ಅದಕ್ಕೋಸ್ಕರ ಮಾತ್ರೆ ಬಿಡಬಾರದು.”

ಮಾವ ಬಿಟ್ಟಾರೆಯೇ! “ಗಣೀಲಿ ಇಲಿ ಬದುಕಿದ ಕಡೆ ನಾವೂ ಬದುಕ್ತಿದ್ವಿ ಸಾರ್. ಇಲೀಗೆ ಆಗಿದ್ದು ನಮ್ಗೂ ಆಯ್ತದೆ!”

ಡಾಕ್ಟರೂ ನಕ್ಕರು. ನಾನು ನಗಲಿಲ್ಲ. ಹೊಸ ಮಾತ್ರೆ ಕೊಂಡು, ಆ ದಿನ ಮಾವನ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಲ ಬಾಗಿಲಲ್ಲಿ ಅತ್ತೆ ಕೂದಲು ಬಿಚ್ಚಿ ಕುಳಿತಿದ್ದಾರೆ. ಹಿಂದೆ ಮಾವ, ಕೈಯಲ್ಲಿ ಬಾಚಣಿಗೆ. ಅತ್ತೆಯ ತೋಳು ಭುಜದಿಂದ ಮೇಲೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಜಡೆ ಹಾಕುವವರು ಯಾರು ಎಂದು ಎಂದೂ ಕೇಳಿರಲಿಲ್ಲ. ಬಾಚಣಿಗೆ ಹಣೆಯಿಂದ ಹೊರಟು ಎಡಕ್ಕೆ ಹೊರಳಿತು, ಬಲಕ್ಕೆ ತಿರುಗಿತು. ಅದು ಹೋದತ್ತ ಅತ್ತೆ ತಲೆ ವಾಲಿಸುತ್ತಿದ್ದರು.

“ನೆಟ್ಟಗೆ ಕುಂತ್ಕೊಳ್ಳೇ!” ಎಂದು ಮಾವ ಗದರಿದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು: “ಲೇ ಅಳಿಯ, ಆ ಮಾತ್ರೆ ತಿಂದ್ರೆ ಬೈತಲೆ ನೆಟ್ಟಗೆ ಬತ್ತದೇನ್ಲಾ?”

“ನಡುಕ ಕಮ್ಮಿ ಆಗಬಹುದು ಅಂದಿದ್ದಾರೆ ಮಾವ.”

ಮಾವ ಅಂಗೈ ಚಾಚಿದರು. ಮಾತ್ರೆ ಇಟ್ಟೆ. ಅದು ಕುಣಿದು ನೆಲಕ್ಕೆ ಹಾರಿತು.

ಅತ್ತೆ ತಿರುಗಿ ನೋಡಲಿಲ್ಲ. “ಏರ್ ಬ್ಲಾಸ್ಟು ಕಣಪ್ಪಾ,” ಎಂದರು. “ನಿಂತ ಮೇಲೆ ಇನ್ನೊಂದು ಕೊಡು.”

“ಹೌದತ್ತೆ,” ಎಂದೆ. “ಈ ಸಲ ಭೂಮಿ ನಡುಗಿದ್ದು ನನಗೂ ಗೊತ್ತಾಯ್ತು.”