ಬೀರುವಿನಲ್ಲಿ ಕುಳಿತ ಋಣಮುಕ್ತಿ

ಎಲ್ಲ ಅನಾಹುತಕ್ಕೂ ಮೂಲ ಬಾಡಿಗೆ ಕರಾರಿನ ಏಳನೆಯ ಕಲಮು: ದಿವಾಳಿಯಲ್ಲಿರುವವರಿಗೆ ಮಳಿಗೆ ಕೊಡತಕ್ಕದ್ದಲ್ಲ. ಮೂಲೆಮಳಿಗೆಯ ಒಡತಿ ಅದನ್ನು ಎರಡು ಸಲ ಓದಿ, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎದುರು ನಿಂತಿದ್ದ ಬೀಗ ರಿಪೇರಿಯವನನ್ನು ನೋಡಿದಳು.

"ಅಲ್ಲಪ್ಪಾ, ದಿವಾಳಿ ಅರ್ಜಿ ಹಾಕಿದ್ಯಲ್ಲ, ಅದರಿಂದ ಹೊರಗೆ ಬಂದ್ಯೋ, ಇನ್ನೂ ಒಳಗೇ ಇದ್ದೀಯೋ?"

ಊರಿನ ಅರ್ಧ ಬಾಗಿಲುಗಳ ಗುಟ್ಟು ಬಲ್ಲ ಬೀಗದವನಿಗೆ ತಾನು ಯಾವ ಬಾಗಿಲಿನ ಯಾವ ಕಡೆಗಿದ್ದೇನೆಂಬುದೇ ತಿಳಿದಿರಲಿಲ್ಲ.

ಐದು ವರ್ಷಗಳ ಹಿಂದೆ ಅವನು ಸಾಲ ಮಾಡಿ ಎರಡು ಸಾವಿರ ಹೊಸ ಬೀಗ ತರಿಸಿದ್ದ. ಅಷ್ಟೂ ಬೀಗಗಳು ಒಂದೇ ಕೀಲಿಗೆ ತೆರೆದುಕೊಳ್ಳುತ್ತವೆಂಬುದು ಮುನ್ನೂರು ಮಾರಿದ ಮೇಲೆ ಬಯಲಾಯಿತು. ಅಂಗಡಿ ಹೋಯಿತು, ಸ್ಕೂಟರ್ ಹೋಯಿತು. ಸಾಲ ಪರಿಹಾರ ಕಚೇರಿಯವರು ಕಾನೂನಿಗೆ ತಲೆಬಾಗಿ ಅವನ ಸಲಕರಣೆಯ ಚೀಲವೊಂದನ್ನು ಮಾತ್ರ ಮುಟ್ಟಲಿಲ್ಲ. ಮೂರು ವರ್ಷ ದುಡಿಮೆಯಲ್ಲಿ ಪಾಲು ಕಟ್ಟಿದರೆ ಉಳಿದದ್ದು ಮನ್ನಾ, ಕೈಗೆ ಋಣಮುಕ್ತಿ ಪತ್ರ ಎಂದಿದ್ದರು. ಅವನು ಕಟ್ಟಿದ. ಅನಂತರ ಒಂದು ವರ್ಷ ಕಳೆದರೂ ಪತ್ರ ಬರಲಿಲ್ಲ. ಹುತ್ತಕ್ಕೆ ಯಾಕೆ ಕೈ ಹಾಕಬೇಕೆಂದು ಇವನೂ ಕೇಳಲಿಲ್ಲ.

"ಸಂಜೆ ಐದರೊಳಗೆ ಪತ್ರ ತಂದ್ರೆ ಮಳಿಗೆ ನಿಂದು. ಇಲ್ಲಾಂದ್ರೆ ಮೊಬೈಲ್ ರಿಪೇರಿಯವನು ಮುಂಗಡ ಹಿಡ್ಕೊಂಡು ನಿಂತಿದ್ದಾನೆ," ಎಂದಳು ಒಡತಿ.

ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಾಲ್ಕು ವರ್ಷ ಕೂತು ಕೆಲಸ ಮಾಡಿ ಅವನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಂತಾಗಿತ್ತು. ಆ ಮಳಿಗೆಯಲ್ಲಿ ನೆಟ್ಟಗೆ ನಿಲ್ಲಬಹುದಿತ್ತು.

"ನಮ್ಮಣ್ಣನ್ನ ಕರ್ಕೊಂಡು ಹೋಗಿ," ಎಂದಳು ಮನೆಯಲ್ಲಿ ಸಂಗತಿ ಕೇಳಿದ ಹೆಂಡತಿ. "ನಿಮಗೆ ಕಬ್ಬಿಣದ ಬಾಯಿ ಬಿಡಿಸೋಕೆ ಬರತ್ತೆ, ನಿಮ್ಮ ಬಾಯಿ ಬಿಡೋಕೆ ಬರಲ್ಲ."

ಅಣ್ಣ, ಅಂದರೆ ಬೀಗದವನ ಭಾವ, ನಿವೃತ್ತ ಬಸ್ ಕಂಡಕ್ಟರು. ಮೂವತ್ತೆರಡು ವರ್ಷದ ಸೇವೆ ಅವನಿಗೆ ಎರಡು ಚಟಗಳನ್ನು ಉಳಿಸಿತ್ತು. ರಸೀದಿಯಿಲ್ಲದೆ ಕಾಸು ಕೈ ಬದಲಾಯಿಸಿದರೆ ಅವನ ಜೀವ ಒದ್ದಾಡುತ್ತಿತ್ತು. ಇನ್ನು, ತೆರೆದ ಯಾವ ಬಾಗಿಲನ್ನು ಕಂಡರೂ ದಡಾರನೆ ಎಳೆದು ಮುಚ್ಚಿ "ರೈಟ್!" ಎನ್ನದೆ ಇರಲಾಗುತ್ತಿರಲಿಲ್ಲ. ಆ ದಿನ ಮನೆಯಿಂದ ಹೊರಡುವಾಗಲೂ ಹಾಗೇ ಮಾಡಿ ತಂಗಿಯ ಸೆರಗನ್ನು ಬಾಗಿಲಿಗೆ ಸಿಕ್ಕಿಸಿದ.

ಕಚೇರಿಯಲ್ಲಿ ಒಂದನೆಯ ಕಿಟಕಿ ಎರಡನೆಯದಕ್ಕೆ ಕಳಿಸಿತು, ಎರಡನೆಯದು ಒಂದನೆಯದಕ್ಕೆ. ಚೆಂಡಿನಂತೆ ಪುಟಿದು ಅವರು ಗುಮಾಸ್ತೆಯ ಮೇಜಿಗೆ ಬಂದು ಬೀಳುವಾಗ ಗಂಟೆ ಮೂರೂವರೆ.

"ನಿಮ್ಮ ಫೈಲು ಬೀರುವಲ್ಲಿದೆ," ಎಂದಳು ಆಕೆ.

"ಸ್ವಲ್ಪ ತೆಗೆದು ನೋಡ್ತೀರಾ ಮೇಡಂ?"

"ಕೀಲಿ ಕಳೆದು ಹನ್ನೊಂದು ತಿಂಗಳಾಯ್ತು. ಬೀಗ ರಿಪೇರಿಯವನಿಗೆ ಆರು ಪತ್ರ ಬರೆದ್ವಿ. ಆಸಾಮಿ ತಿರುಗಿಯೂ ನೋಡಲಿಲ್ಲ," ಎಂದು ಆಕೆ ಪತ್ರದ ನಕಲನ್ನು ಮುಂದೆ ಹಿಡಿದಳು. ಅದರ ಮೇಲಿದ್ದುದು ಇದೇ ಕಚೇರಿ ಹರಾಜು ಹಾಕಿದ್ದ ಅಂಗಡಿಯ ವಿಳಾಸ!

"ಅಯ್ಯೋ, ಅದು ನಾನೇ!"

"ನೀವೇನಾ? ಆರು ಪತ್ರಕ್ಕೂ ಉತ್ತರ ಇಲ್ಲ. ಎಷ್ಟು ಧಿಮಾಕು!"

"ಆ ಅಂಗಡೀನ ನೀವೇ ಮಾರಿದ್ರಲ್ಲ ಮೇಡಂ. ಹೊಸ ವಿಳಾಸ ಬರೆದು ಕೊಟ್ಟಿದ್ದೆ."

"ಕೊಟ್ಟಿರ್ತೀರಿ. ಅದು ಫೈಲಲ್ಲಿರತ್ತೆ. ಫೈಲು ಬೀರುವಲ್ಲಿದೆ."

ಬೀಗದವನು ಚೀಲ ಬಿಚ್ಚಿದ. ಬೀರುವಿನ ಬೀಗಕ್ಕೆ ಕಿವಿಯಿಟ್ಟ, ಕಡ್ಡಿ ತೂರಿಸಿದ, ಕೆನ್ನೆ ತಟ್ಟುವಂತೆ ಮೆಲ್ಲಗೆ ತಟ್ಟಿದ. ಬೀರು ಆಕಳಿಸಿ ಬಾಯ್ದೆರೆಯಿತು. ಒಳಗೆ ಫೈಲುಗಳ ಜೊತೆ ಗುಮಾಸ್ತೆಯ ಊಟದ ಡಬ್ಬಿಯೂ ಇತ್ತು. ಹನ್ನೊಂದು ತಿಂಗಳ ಆ ಊಟವನ್ನು ತೆರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಕೈ ಹಾಕಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ಬೀಗದವನು ತುಕ್ಕು ಕೆರೆದು, ಬಾಗಿಲು ಮುಚ್ಚಿದೊಡನೆ ಬೀಗ ತಾನೇ ಬೀಳುವಂತೆ ಎಣ್ಣೆ ಬಿಟ್ಟು, ಹೊಸ ಕೀಲಿಯನ್ನೂ ಅರದಿಂದ ಉಜ್ಜಿ ಮಾಡಿ ಕೊಟ್ಟ.

ಪಕ್ಕದ ಮೇಜಿನ ಅಧಿಕಾರಿ ಫೈಲು ತಿರುವಿದ. "ಭೇಷ್! ಕಂತು ಪೂರ್ತಿ ಕಟ್ಟಿದೀರಿ. ಆದೇಶ ಟೈಪಾಗಿದೆ, ನನ್ನ ಸಹಿ ಒಂದೇ ಬಾಕಿ. ಈ ಗಳಿಗೆಯವರೆಗಿನ ಆದಾಯ ಎಲ್ಲಾ ತಿಳಿಸಿದ್ದೀನಿ ಅಂತ ಒಂದು ನಮೂನೆ ತುಂಬಿ ಕೊಡಿ."

ಬೀಗದವನು ತುಂಬಿ ಕೊಟ್ಟ. ಅಧಿಕಾರಿಯ ಪೆನ್ನು ಕಾಗದದತ್ತ ಇಳಿಯಿತು. ಇನ್ನೇನು ತಾಗಬೇಕು...

"ಒಂದ್ನಿಮಿಷ ಸಾರ್," ಎಂದ ಭಾವ. "ಬೀಗ ತೆಗೆದ ಕೂಲಿ?"

"ಭಾವ, ಬೇಡ!"

"ಸುಮ್ನಿರಪ್ಪಾ. ಹೀಗೆ ಬಿಟ್ಟಿ ಚಾಕರಿ ಮಾಡಿಯೇ ನೀನು ದಿವಾಳಿ ಎದ್ದಿದ್ದು. ರಸೀದಿ ಸಮೇತ ತಗೋ."

ಗುಮಾಸ್ತೆ ನಿಯಮದ ಹೆಣ್ಣು. ನೂರೈವತ್ತನ್ನು ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡು, ರಸೀದಿಗೆ ಮೊಹರು ಒತ್ತಿದಳು. ಅಧಿಕಾರಿಯ ಪೆನ್ನು ಗಾಳಿಯಲ್ಲೇ ನಿಂತಿತು.

"ಈಗ ಈ ನಮೂನೆ ಸುಳ್ಳಾಯ್ತಲ್ಲ! ನೂರೈವತ್ತು ಇದರಲ್ಲಿ ಇಲ್ಲ."

ಬೀಗದವನ ಮುಖ ಬೆಳ್ಳಗಾಯಿತು. ಅಧಿಕಾರಿ ದಯಾಳು. "ಹೆದರ್ಬೇಡಿ, ಕಚೇರಿ ಮುಚ್ಚೋಕೆ ಇನ್ನೂ ಅರ್ಧ ಗಂಟೆ ಇದೆ. ಇನ್ನೊಂದು ಬರೀರಿ."

ಅವನು ಬರೆಯತೊಡಗಿದ. ಕೆಲಸವಿಲ್ಲದ ಫೈಲು ಮೇಜಿನ ಮೇಲಿರಬಾರದೆಂಬುದು ನಿಯಮ. ಗುಮಾಸ್ತೆ ಅದನ್ನು ಬೀರುವಿನಲ್ಲಿಟ್ಟಳು. ಫೈಲಿನ ಪಕ್ಕದಲ್ಲೇ ಹೊಸ ಕೀಲಿಯನ್ನಿಟ್ಟಳು. ಕಾಲಿಗೆ ತೊಡರುತ್ತಿದ್ದ ಸಲಕರಣೆಯ ಚೀಲವನ್ನೂ ಎತ್ತಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಳು. ಹತ್ತು ನಿಮಿಷ ಉಳಿದಿರುವಾಗ ಬೀಗದವನು ಕೊನೆಯ ಚುಕ್ಕೆಯಿಟ್ಟು ತಲೆಯೆತ್ತಿದ.

"ಮುಗೀತು ಭಾವ!"

"ಮುಗೀತಾ? ಹಾಗಾದ್ರೆ ಹೊರಡೋಣ!" ಸಂತೋಷದಿಂದ ಎದ್ದ ಭಾವನ ಕಣ್ಣಿಗೆ ತೆರೆದ ಬೀರು ಬಿತ್ತು. ಮೂವತ್ತೆರಡು ವರ್ಷದ ಕೈ ಯಾರ ಮಾತಿಗೂ ಕಾಯಲಿಲ್ಲ.

ದಡಾರ್! "ರೈಟ್!"

ಒಳಗೆಲ್ಲೋ ಬೀಗ ನುಣ್ಣಗೆ 'ಕಟಕ್' ಎಂದಿತು.

ಬೀಗದವನು ಹಿಡಿ ಹಿಡಿದು ಎಳೆದ. ಜಗ್ಗಿದ. ಬೀರು ಮೌನವ್ರತ ಹಿಡಿದಿತ್ತು. ಗುಮಾಸ್ತೆ ತಲೆಯಿಂದ ಪಿನ್ನೊಂದನ್ನು ತೆಗೆದು ಚಾಚಿದಳು.

"ಇದು ನಾನು ರಿಪೇರಿ ಮಾಡಿದ ಬೀಗ ಮೇಡಂ," ಎಂದ ಅವನು. ಅಳುವಿನ ನಡುವೆಯೂ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇಣುಕಿತು. "ಪಿನ್ನಿಗೆಲ್ಲ ಬಗ್ಗಲ್ಲ."

ಗೋಡೆ ಗಡಿಯಾರ ಐದು ಹೊಡೆಯಿತು. ಗುಮಾಸ್ತೆ ನಿಟ್ಟುಸಿರಿಟ್ಟು, ಎರಡು ಹಾಳೆಗಳ ನಡುವೆ ಕಾರ್ಬನ್ ಸಿಕ್ಕಿಸಿ ಬರೆಯಲು ಕೂತಳು.

"ಏನದು ಮೇಡಂ?"

"ಬೀಗ ರಿಪೇರಿಯವರಿಗೆ ಏಳನೇ ಪತ್ರ."

"ನಾನು ಇಲ್ಲೇ ನಿಂತಿದ್ದೀನಲ್ಲ! ಕೈಗೇ ಕೊಡಿ."

"ಹಾಗೆಲ್ಲ ಕೈಗೆ ಕೊಡೋ ಹಾಗಿಲ್ಲ. ಅಂಚೆಯಲ್ಲೇ ಹೋಗಬೇಕು."

"ಹೋಗಲಿ, ಹೊಸ ವಿಳಾಸನಾದ್ರೂ ಹಾಕಿ."

"ನೀವು ಹೇಳಿದ್ದನ್ನ ಹೇಗ್ರೀ ಹಾಕೋದು? ಫೈಲಲ್ಲಿರೋದನ್ನೇ ಹಾಕಬೇಕು." ಆಕೆ ಬೀರುವಿನತ್ತ ಒಮ್ಮೆ ನೋಡಿ, ಹಳೆಯ ಅಂಗಡಿಯ ವಿಳಾಸವನ್ನೇ ದುಂಡಗೆ ಬರೆದಳು.

ಬೀಗದವನು ಗೋಡೆಗೊರಗಿ ಕುಸಿದ. ಭಾವ ಅವನ ಹೆಗಲು ತಟ್ಟಿ, ಗುಮಾಸ್ತೆಯತ್ತ ಬಗ್ಗಿ ಗುಟ್ಟಾಗಿ ಹೇಳಿದ:

"ಮೇಡಂ, ಅಂಚೆಯವರ ಹತ್ರ ರಸೀದಿ ತಗೊಳ್ಳೋದು ಮರೀಬೇಡಿ."