ಮಂಗಳವಾರದ ಕೇಸರಿಬಾತ್

ವಯಸ್ಸಾದಂತೆ ಕೋಪ ಕಡಿಮೆಯಾಗುತ್ತದೆ ಎಂದು ಹೇಳಿದವರು ಹೈಸ್ಕೂಲಿನಲ್ಲಿ ಹೋಮ್ ಸೈನ್ಸ್ ಕಲಿಸಿದವರಲ್ಲ. ನನಗೀಗ ಎಪ್ಪತ್ತೊಂದು. ಬಿಪಿ ಮಾತ್ರೆ ನುಂಗುತ್ತೇನೆ, ವಾಕಿಂಗ್ ಹೋಗುತ್ತೇನೆ, ಡಾಕ್ಟರು ಹೇಳಿದರೆಂದು ಉಪ್ಪಿನಕಾಯಿಯನ್ನೂ ಬಿಟ್ಟಿದ್ದೇನೆ. ಆದರೂ ಯಾರಾದರೂ "ಅದೇನು ದೊಡ್ಡ ಸಬ್ಜೆಕ್ಟು ಬಿಡಿ ಮೇಡಂ, ಮನೇಲಿ ಅಮ್ಮ ಹೇಳ್ಕೊಡ್ತಾರೆ" ಅಂದರೆ ಕಿವಿ ಬಿಸಿಯಾಗುತ್ತದೆ. ಅಮ್ಮ ಲೆಕ್ಕವನ್ನೂ ಹೇಳಿಕೊಡಬಲ್ಲಳು ಕಣ್ರೀ, ಹಾಗಂತ ಮ್ಯಾಥ್ಸ್ ಮೇಷ್ಟ್ರನ್ನು ಯಾರೂ ಮನೆಗೆ ಕಳಿಸಿಲ್ಲ.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಹೋಮ್ ಸೈನ್ಸ್ ಎಂದರೆ ಬಿಳಿ ಏಪ್ರನ್, ತಣ್ಣನೆಯ ಕಲ್ಲಿನ ಮೇಜು, ಅದಕ್ಕಿಂತ ತಣ್ಣಗಿನ ದನಿಯ ಒಬ್ಬರು ಸಿಸ್ಟರ್. ಟೀಸ್ಪೂನಿನ ತಲೆಯನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡದಿದ್ದರೆ, ನಾವು ಸುಳ್ಳು ಹೇಳಿದಷ್ಟೇ ಬೇಸರ ಅವರಿಗೆ. ಆ ಮಧ್ಯಾಹ್ನಗಳ ವೆನಿಲಾ ವಾಸನೆ ಈಗಲೂ ಮೂಗಿನಲ್ಲೇ ಇದೆ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ, ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸಿ ರಿಟೈರ್ ಆದೆ. ನನ್ನ ಜಾಗಕ್ಕೆ ಯಾರೂ ಬರಲಿಲ್ಲ. ಹಾಗಾಗಿ ಮಂಗಳವಾರ, ಶುಕ್ರವಾರ ಈಗಲೂ ಹೋಗುತ್ತೇನೆ.

ಎಡವಟ್ಟೆಲ್ಲ ಮಂಗಳವಾರಗಳದ್ದೇ. ಅವತ್ತು ಘಾಟಿ ಸುಬ್ರಹ್ಮಣ್ಯನ ದರ್ಶನ ಮುಗಿಸಿ ಬರುವ ದೊಡ್ಡ ಮನುಷ್ಯರಿಗೆಲ್ಲ ದಾರಿಯಲ್ಲಿ ನಮ್ಮ ಸ್ಕೂಲನ್ನೂ ಒಮ್ಮೆ ನೋಡಿಬಿಡುವ ಆಸೆ. ಕಾರು ನಿಂತಿತೆಂದರೆ ಹೆಡ್‌ಮಾಸ್ಟರ್ ನನ್ನ ಕ್ಲಾಸಿನ ಬಾಗಿಲಲ್ಲಿ: "ಮೇಡಂ, ಗೆಸ್ಟ್ ಬಂದಿದ್ದಾರೆ. ಮಕ್ಕಳ ಕೈಲಿ ಒಂಚೂರು ಕೇಸರಿಬಾತ್ ಮಾಡಿಸ್ಬಿಡಿ." ಹುಡುಗಿಯರು ನನ್ನ ಸಬ್ಜೆಕ್ಟಿಗೆ ಇಟ್ಟ ಹೆಸರೇ 'ಬಾತ್ ಪೀರಿಯಡ್ಡು'. ನಮ್ಮ ಪುಸ್ತಕದಲ್ಲಿ ಪ್ಯಾಕೆಟ್ಟಿನ ಲೇಬಲ್ ಓದಿ, ಬಿಲ್ ಕೇಳಿ ಪಡೆಯುವ ಪಾಠವೊಂದಿದೆ. ಈ ಮಕ್ಕಳು ನಾಳೆ ಅಂಗಡಿಯವನ ಮುಂದೆ ಒಬ್ಬರೇ ನಿಲ್ಲಬೇಕಾದವರು. ಅಲ್ಲಿ ಕೇಸರಿಬಾತ್ ಕೈಹಿಡಿಯುವುದಿಲ್ಲ. ಆ ಪಾಠವನ್ನು ಮೂರು ಮಂಗಳವಾರ ಕೇಸರಿಬಾತೇ ನುಂಗಿತ್ತು.

ನಾಲ್ಕನೆಯ ಮಂಗಳವಾರವೂ ಕರೆ ಬಂತು. ರವೆಯ ಪ್ಯಾಕೆಟ್ಟನ್ನು ಹೆಡ್‌ಮಾಸ್ಟರೇ ತಂದುಕೊಟ್ಟರು. ನಾನು ಹಲ್ಲು ಕಚ್ಚಿಕೊಂಡು, ಆಗಲಿ, ಇದರ ಮೇಲೇ ಪಾಠ ಮಾಡುತ್ತೇನೆ ಅಂತ ಅದನ್ನು ರೂಪಾಳ ಕೈಗಿತ್ತೆ. ಒಂಬತ್ತನೇ ಕ್ಲಾಸಿನ ಹುಡುಗಿ, ಮನೆಯಲ್ಲಿ ಮಗ್ಗ. ಸೀರೆಯಲ್ಲಿ ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು.

"ಮಿಸ್, ಡೇಟ್ ಮುಗ್ದು ಎರಡು ತಿಂಗ್ಳಾಗೈತೆ."

ಒಳಗೆ ರವೆ ಉಂಡೆ ಕಟ್ಟಿತ್ತು, ಹುಳುಗಳು ಸಂಸಾರ ಹೂಡಿದ್ದವು. ನಾನು ಕುರ್ಚಿಯಿಂದ ಏಳುವುದರೊಳಗೆ ಅವಳು ಪ್ಯಾಕೆಟ್ ಹಿಡಿದು ಆಫೀಸ್ ರೂಮಿನಲ್ಲಿದ್ದಳು, ಗೆಸ್ಟ್ ಎದುರಿಗೇ. ಹಿಂದೆಯೇ ಏದುಸಿರು ಬಿಡುತ್ತ ನಾನು.

"ಸಾರ್, ಇದನ್ನ ಅಂಗ್ಡಿಗೆ ವಾಪಸ್ ಕೊಡ್ಬೇಕು. ಬಿಲ್ ಐತಾ ಸಾರ್?"

"ರವೆಗೆಲ್ಲ ಯಾರಮ್ಮಾ ಬಿಲ್ ಇಸ್ಕೊತಾರೆ? ಜರಡಿ ಹಿಡಿದು ಹುರಿದ್ರೆ ಆಯ್ತು, ಹೋಗು." ಹೆಡ್‌ಮಾಸ್ಟರ್ ಕೈಬೀಸಿದರು.

"ಇಸ್ಕೋಬೇಕು ಸಾರ್. ಪುಸ್ತಕದಲ್ಲೈತೆ."

ಗೆಸ್ಟ್ ಕಾಫಿ ಲೋಟ ಕೆಳಗಿಟ್ಟರು. ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿ, "ಅಡುಗೆ ಕಲಿಸಿ ಅಂದ್ರೆ ಲಾ ಕಲಿಸ್ತಿದೀರಲ್ಲ ಮೇಡಂ. ಈ ಪೀರಿಯಡ್ಡು ಬೇಕೋ ಬೇಡ್ವೋ ಯೋಚನೆ ಮಾಡ್ಬೇಕಾಗುತ್ತೆ" ಎಂದರು.

ಮೂವತ್ತು ವರ್ಷದಿಂದ ನುಂಗಿಕೊಂಡಿದ್ದ ಮಾತುಗಳೆಲ್ಲ, ಇಂಗ್ಲಿಷಿನವೂ ಕನ್ನಡದವೂ, ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ರೂಪಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಹೊರಬಂದದ್ದು ಇಷ್ಟು: "ಡೋಂಟ್ ವರಿ ಸರ್, ಹತ್ತೇ ನಿಮಿಷ, ನಮ್ಮನೆಯಿಂದ ರವೆ ತರಿಸ್ತೀನಿ."

ಕೇಸರಿಬಾತ್ ಚೆನ್ನಾಗಿತ್ತಂತೆ. ಗೆಸ್ಟ್ ಎರಡು ಸಲ ಹಾಕಿಸಿಕೊಂಡರು. ಪೀರಿಯಡ್ಡೂ ಉಳಿಯಿತು. ಮನೆಗೆ ಬಂದು ಹೆಡ್‌ಮಾಸ್ಟರನ್ನು ಬೈದೆ, ಗೆಸ್ಟನ್ನು ಬೈದೆ, ಅಂಗಡಿಯವನನ್ನು ಬೈದೆ. ಒಬ್ಬರ ಹೆಸರು ಬಿಟ್ಟುಹೋಗಿತ್ತು. ಅದನ್ನು ಶುಕ್ರವಾರ ರೂಪಾ ತುಂಬಿಸಿದಳು. ಪ್ರಾಕ್ಟಿಕಲ್ ರೆಕಾರ್ಡ್ ತಿದ್ದುತ್ತಿದ್ದೆ. ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: "ಪ್ರಯೋಗ: ಲೇಬಲ್ ಓದುವುದು. ಗಮನಿಸಿದ್ದು: ಡೇಟ್ ಮುಗಿದಿತ್ತು. ಫಲಿತಾಂಶ: ಮಿಸ್ ತಮ್ಮ ಮನೆಯ ರವೆ ಹಾಕಿದರು."

ಕನ್ನಡಕ ಒರೆಸಿಕೊಂಡು ತಪ್ಪು ಹುಡುಕಿದೆ. ಒಂದು ಕೊಂಬು, ಒಂದು ದೀರ್ಘ ಕೂಡ ಆಚೀಚೆ ಆಗಿರಲಿಲ್ಲ. ಕೆಂಪು ಇಂಕಿನಲ್ಲಿ 'ಸೀನ್', ಅಂದರೆ ನೋಡಿದ್ದೇನೆ, ಎಂದು ಬರೆದು ಸಹಿ ಹಾಕಿದೆ.